181 ಗೆಲುವು, ಒಂದು ಸೋಲು: ಹೈಸ್ಕೂಲ್ ಪೈಲ್ವಾನ ಡ್ಯಾನ್ ಗೇಬಲ್ ಉಸ್ತಾದ್ ಆದ ಬಗೆ

ಮಟ್ಟಿಮಣ್ಣು (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಗರಡಿಯಲ್ಲಿ ಹದಿನಾರು ವರ್ಷದ ಹುಡುಗ ಒಬ್ಬನಿದ್ದಾನೆ. ಎರಡು ವರ್ಷ ಯಾರ ಕೈಲೂ ಸೋತಿರಲಿಲ್ಲ. ಹೋದ ವಾರ ಪಕ್ಕದ ತಾಲ್ಲೂಕಿನ ಹುಡುಗನ ಕೈಲಿ ಚಿತ್ ಆದ. ಅವತ್ತಿಂದ ಗರಡಿ ಕಡೆ ತಲೆ ಹಾಕಿಲ್ಲ. ಮನೆ ಹತ್ತಿರ ಹೋದರೆ ಜ್ವರ ಅಂತ ಹೇಳಿ ಕಳಿಸುತ್ತಾರೆ. ಉಸ್ತಾದರು ಮಾತ್ರ ‘ಬಿಡು, ಮಣ್ಣು ಕರೆಯುತ್ತೆ’ ಅಂದು ಸುಮ್ಮನಾಗಿದ್ದಾರೆ.

ಆ ಹುಡುಗನಿಗೆ ಹೇಳೋಣ ಅಂತ ನಾನು ನೆನಪು ಮಾಡಿಕೊಂಡದ್ದು ಅಮೆರಿಕದ ಡ್ಯಾನ್ ಗೇಬಲ್ ಕಥೆ. 1948ರಲ್ಲಿ ಅಯೋವಾ ರಾಜ್ಯದ ವಾಟರ್‌ಲೂ ಊರಲ್ಲಿ ಹುಟ್ಟಿದವರು. ಅಲ್ಲಿನ ವೆಸ್ಟ್ ಹೈಸ್ಕೂಲಿನಲ್ಲಿ ಹಿಡಿದ 64 ಕುಸ್ತಿಯನ್ನೂ ಗೆದ್ದು, ಮೂರು ವರ್ಷವೂ ರಾಜ್ಯ ಚಾಂಪಿಯನ್ ಆದರು. ಆಮೇಲೆ ಏಮ್ಸ್‌ನಲ್ಲಿರುವ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಾಲಾಗಿ 117 ಗೆಲುವು. ಎರಡೂ ಕೂಡಿಸಿದರೆ 181. ಬಾಕಿ ಉಳಿದಿದ್ದು ಕಾಲೇಜಿನ ಕಟ್ಟಕಡೆಯ ಪಂದ್ಯ, 1970ರ ಮಾರ್ಚಿನಲ್ಲಿ ಇವಾನ್‌ಸ್ಟನ್‌ನಲ್ಲಿ ನಡೆದ ರಾಷ್ಟ್ರೀಯ ಫೈನಲ್. ಅದರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲ್ಯಾರಿ ಓವಿಂಗ್ಸ್ ಎಂಬ ಹುಡುಗನ ಎದುರು 13-11ರಲ್ಲಿ ಸೋತರು. ಆ ಓವಿಂಗ್ಸ್ ಗೇಬಲ್ ಜೊತೆಗೇ ಹಿಡಿಯಬೇಕು ಅಂತ ತೂಕ ಇಳಿಸಿಕೊಂಡು ಆ ವಿಭಾಗಕ್ಕೆ ಬಂದಿದ್ದ.

ಎರಡು ವರ್ಷ ಕಳೆದು ಮ್ಯೂನಿಕ್ ಒಲಿಂಪಿಕ್ಸ್. ಗೇಬಲ್ ಆರು ಪಂದ್ಯ ಆಡಿದರು, ಎದುರಾಳಿಗಳಿಗೆ ಒಂದೇ ಒಂದು ಪಾಯಿಂಟ್ ಬಿಟ್ಟುಕೊಡದೆ ಚಿನ್ನ ಗೆದ್ದರು. ಅದಾದ ಮೇಲೆ ಕೋಚ್ ಆಗಿ 21 ವರ್ಷದಲ್ಲಿ 15 ರಾಷ್ಟ್ರೀಯ ತಂಡ ಪ್ರಶಸ್ತಿ.

ನಾನು ಕೇಳಬೇಕೆಂದಿರುವುದು ಇಷ್ಟು. ದೊಡ್ಡ ಪೈಲ್ವಾನರೆಲ್ಲ ಒಳ್ಳೆಯ ಉಸ್ತಾದ್ ಆಗುವುದಿಲ್ಲ, ಅದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಇವರು ಹೇಗಾದರು? ಆ ಒಂದು ಸೋಲಿನಿಂದಲೇ ಆದರು ಅಂತ ನನ್ನ ನಂಬಿಕೆ. ತಿಳಿದವರು ಹೇಳಿ.

ಆನಂದವಾಡಿ (ಬೆಳಗಾವಿ)

ಚಲೋ ವಿಷಯ ತಗದೀರಿ ಅಣ್ಣಾರ. ನಮ್ಮ ಕಡೆ ಒಂದು ಮಾತು ಐತ್ರಿ, ಸೋಲಲಾರದ ಪೈಲ್ವಾನಗ ಪಟ್ಟು ಗೊತ್ತಿರತೈತಿ, ಪಟ್ಟಿನ ಬೆಲೆ ಗೊತ್ತಿರೂದಿಲ್ಲ ಅಂತ. ಎಲ್ಲಾ ಕುಸ್ತಿ ಗೆದ್ದಾಂವ ತನಗ ಹೆಂಗ ಬಂತು ಅನ್ನೂದನ್ನ ಹೇಳಾಕ ಬರಲಾರದ ಒದ್ದಾಡತಾನ. ‘ಹಿಂಗ ಹಾಕು, ಬೀಳ್ತಾನ’ ಅಂತಾನ, ಅಷ್ಟ. ಹುಡುಗ ಹಾಕತಾನ, ಎದುರಿನಾಂವ ಬೀಳೂದಿಲ್ಲ. ಯಾಕ ಬೀಳಲಿಲ್ಲ ಅಂದ್ರ ವಸ್ತಾದನ ಕಡೆ ಉತ್ತರ ಇರೂದಿಲ್ಲ.

ನಂದೊಂದು ಸಂಶಯ. ಅಲ್ಲಿ ಹೈಸ್ಕೂಲ್ ಕುಸ್ತಿ ಅಂದ್ರ ನಮ್ಮ ಜಂಗಿ ಕುಸ್ತಿ ಥರಾನೋ, ಮ್ಯಾಟ್ ಮ್ಯಾಲಿನ ಫ್ರೀಸ್ಟೈಲೋ?

ಸೀಡರ್ ದಂಡೆ (ಅಯೋವಾ)

ನಾನು ಹಾಸನದ ಕಡೆಯವನು, ಹನ್ನೊಂದು ವರ್ಷದಿಂದ ಇಲ್ಲೇ ಇದ್ದೇನೆ. ಗೇಬಲ್ ಅವರ ಊರು ನಮ್ಮ ಮನೆಯಿಂದ ಒಂದು ಗಂಟೆ ದಾರಿ. ಬೆಳಗಾವಿಯವರ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ.

ಇಲ್ಲಿನ ಶಾಲೆ ಕಾಲೇಜುಗಳ ಕುಸ್ತಿಗೆ ಫೋಕ್‌ಸ್ಟೈಲ್ ಅನ್ನುತ್ತಾರೆ. ಒಲಿಂಪಿಕ್ಸ್‌ನ ಫ್ರೀಸ್ಟೈಲ್ ಬೇರೆ, ಇದು ಬೇರೆ. ಫ್ರೀಸ್ಟೈಲಿನಲ್ಲಿ ಎದುರಾಳಿಯ ಬೆನ್ನನ್ನು ಮ್ಯಾಟಿನ ಕಡೆ ತಿರುಗಿಸಿ ತೋರಿಸಿದರೂ ಪಾಯಿಂಟ್ ಬರುತ್ತದೆ. ಇಲ್ಲಿ ಹಾಗಲ್ಲ, ಹಿಡಿದು ಇಟ್ಟುಕೊಳ್ಳಬೇಕು. ಕೆಳಗೆ ಸಿಕ್ಕವನು ತಪ್ಪಿಸಿಕೊಂಡು ಎದ್ದರೆ ಅವನಿಗೆ ಒಂದು ಪಾಯಿಂಟ್. ಕಾಲೇಜು ಕುಸ್ತಿಯಲ್ಲಂತೂ ಮೇಲೆ ಕೂತು ಎಷ್ಟು ಹೊತ್ತು ಅದುಮಿದ ಅಂತ ಗಡಿಯಾರ ಇಟ್ಟು ಎಣಿಸಿ ಅದಕ್ಕೂ ಪಾಯಿಂಟ್ ಕೊಡುತ್ತಾರೆ. ಬೆನ್ನು ನೆಲಕ್ಕೆ ತಾಗಿಸಿದರೆ ಆಟ ಅಲ್ಲಿಗೇ ಮುಗಿಯಿತು, ಅದೊಂದು ನಮ್ಮ ಚಿತ್ ಇದ್ದ ಹಾಗೇ. ಹೀಗಾಗಿ ಇಲ್ಲಿನ ಹುಡುಗರು ಚಿಕ್ಕಂದಿನಿಂದಲೇ ಒಬ್ಬರ ಮೇಲೊಬ್ಬರು ಬಿದ್ದು ಉಸಿರು ಕಟ್ಟಿಸುವುದನ್ನು ಕಲಿಯುತ್ತಾರೆ. ಗೇಬಲ್ ಕುಸ್ತಿಯ ಜೀವಾಳ ಅದೇ, ಒತ್ತಡ. ಎದುರಾಳಿ ಮೊದಲು ಮನಸ್ಸಿನಲ್ಲಿ ಸುಸ್ತಾಗಬೇಕು, ಆಮೇಲೆ ಮೈಯಲ್ಲಿ.

ವಾಟರ್‌ಲೂ ಟ್ರ್ಯಾಕ್ಟರ್ ಕಾರ್ಖಾನೆಯ ಊರು, ಜಾನ್ ಡಿಯರ್ ಕಂಪನಿಯದು. ಅವರ ಹೆಸರಿನ ಕುಸ್ತಿ ವಸ್ತುಸಂಗ್ರಹಾಲಯ ಅಲ್ಲೇ ಇದೆ. ಹೈಸ್ಕೂಲಿನಲ್ಲಿ ಕಲಿಸಿದವರು ಬಾಬ್ ಸಿಡೆನ್ಸ್. ಗೇಬಲ್ ಮೊದಲ ಸಲ ರಾಜ್ಯ ಗೆದ್ದಾಗ 95 ಪೌಂಡ್ ವಿಭಾಗ, ಅಂದರೆ 43 ಕಿಲೋ. ಅಷ್ಟು ಸಣ್ಣ ಹುಡುಗ. ಇಲ್ಲಿ ಆ ಹೆಸರು ಹೇಳಿದರೆ ಎಲ್ಲರೂ ಗಟ್ಟಿ ಮೈಯ ಕೋಚ್ ಒಬ್ಬರನ್ನು ನೆನೆಸಿಕೊಳ್ಳುತ್ತಾರೆ, ನನಗೆ ಯಾಕೋ ಆ 43 ಕಿಲೋ ಹುಡುಗನೇ ಕಣ್ಣಿಗೆ ಕಟ್ಟುತ್ತಾನೆ. ಕಾರಣ ಇದೆ, ಕೆಳಗೆ ಹೇಳುತ್ತೇನೆ.

ಆ ಮೊದಲ ಗೆಲುವಿನ ಕೆಲವೇ ತಿಂಗಳಲ್ಲಿ, 1964ರ ಮೇ ಕೊನೆಗೆ, ಅವರ ಅಕ್ಕನ ಕೊಲೆಯಾಯಿತು. ಸ್ವಂತ ಮನೆಯಲ್ಲೇ. ಆಗ ಡ್ಯಾನ್‌ಗೆ ಹದಿನೈದು ವರ್ಷ. ಆಕೆಗೆ ಹತ್ತೊಂಬತ್ತು, ಇವರಿಗಿದ್ದದ್ದು ಅವಳೊಬ್ಬಳೇ ಅಕ್ಕ. ತಂದೆ ತಾಯಿಗೆ ಆ ಮನೆಗೆ ಕಾಲಿಡುವುದೇ ಕಷ್ಟವಾದಾಗ ಹುಡುಗ ತನ್ನ ಹಾಸಿಗೆ ಬಟ್ಟೆ ಎತ್ತಿಕೊಂಡು ಅಕ್ಕನ ಕೋಣೆಗೆ ಹೋಗಿ ಮಲಗಿದ. ಮನೆ ಮಾರದೆ ಅಲ್ಲೇ ಉಳಿಯೋಣ ಎಂಬ ಧೈರ್ಯ ಅವರಿಗೆ ಬಂದದ್ದು ಅದರಿಂದ. ಮುಂದಿನ ಎರಡು ವರ್ಷ ಆ ಹುಡುಗ ಒಂದು ಪಂದ್ಯವನ್ನೂ ಸೋಲಲಿಲ್ಲ. ಮನೆಯಲ್ಲಿ ನಗು ಅಂತ ಬರುತ್ತಿದ್ದರೆ ಅದು ಅವನು ಗೆದ್ದ ದಿನ.

ಮಟ್ಟಿಮಣ್ಣು ಅವರೇ, ಸೋಲಿನಿಂದ ಉಸ್ತಾದ್ ಆದರು ಅಂತೀರಿ. ನನಗೆ ಅನ್ನಿಸುವುದು, ಅದಕ್ಕೂ ಆರು ವರ್ಷ ಮುಂಚೆಯೇ ಅವರು ಬೇರೆಯವರ ಭಾರ ಹೊರುವುದನ್ನು ಕಲಿತಿದ್ದರು.

ಮಟ್ಟಿಮಣ್ಣು (ಮೈಸೂರು)

ಅಕ್ಕನ ವಿಷಯ ಗೊತ್ತಿತ್ತು ಸರ್. ಕೋಣೆಗೆ ಹೋಗಿ ಮಲಗಿದ ಸಂಗತಿ ಗೊತ್ತಿರಲಿಲ್ಲ. ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ.

ಪಿ.ಟಿ. ಮೇಷ್ಟ್ರು (ಮಂಡ್ಯ)

ಇಪ್ಪತ್ತೆಂಟು ವರ್ಷ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದವನು ನಾನು. ಗೇಬಲ್ ಬಗ್ಗೆ ಗೌರವವಿದೆ. ಆದರೆ ಅವರ ಕಥೆಯನ್ನು ಮಕ್ಕಳಿಗೆ ಹೇಳುವಾಗ ಒಂದು ಎಚ್ಚರ ಬೇಕು. ದಿನಕ್ಕೆ ಏಳು ಗಂಟೆ ಅಭ್ಯಾಸ, ರಬ್ಬರ್ ಅಂಗಿ, ಹಬೆ ಕೋಣೆಯಲ್ಲಿ ಕೂತು ಬೆವರು ಇಳಿಸುವುದು, ಇವನ್ನೇ ದೊಡ್ಡದು ಮಾಡಿ ಹೇಳುತ್ತೇವೆ. ಹುಡುಗರಿಗೆ ಕಿವಿಗೆ ಬೀಳುವುದೂ ಅದೊಂದೇ.

1997ರ ಕೊನೆಯಲ್ಲಿ ಅಮೆರಿಕದಲ್ಲಿ ಐದಾರು ವಾರಗಳೊಳಗೆ ಮೂರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸಲು ಹೋಗಿ ಸತ್ತರು. ನೀರು ಬಿಟ್ಟು, ಬಿಸಿ ಕೋಣೆಯಲ್ಲಿ ರಬ್ಬರ್ ಅಂಗಿ ತೊಟ್ಟು ಸೈಕಲ್ ತುಳಿಯುತ್ತಿದ್ದರು. ಅದಾದ ಮೇಲೆ ನಿಯಮ ಬದಲಾಯಿತು. ರಬ್ಬರ್ ಅಂಗಿ, ಹಬೆ ಕೋಣೆ ಎರಡಕ್ಕೂ ನಿಷೇಧ, ತೂಕ ನೋಡುವ ಹೊತ್ತನ್ನು ಪಂದ್ಯದ ಹತ್ತಿರಕ್ಕೆ ತಂದರು. ನಮ್ಮಲ್ಲಿ ಯಾರಿಗೆ ಆ ನೆನಪಿದೆ? ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚಾಯಿತೆಂದು ಫೈನಲ್ ಕಳೆದುಕೊಂಡಾಗ ಊರೆಲ್ಲ ಅತ್ತಿತು. ಆದರೆ ಜಿಲ್ಲಾ ಮಟ್ಟದ ಪಂದ್ಯಗಳಲ್ಲಿ ಹದಿಮೂರು ವರ್ಷದ ಮಗು ಹಿಂದಿನ ರಾತ್ರಿ ಊಟ ನೀರು ಬಿಟ್ಟು ಬರುವುದನ್ನು ನಾನೇ ಕಂಡಿದ್ದೇನೆ. ಒಂದು ಸಲ ತಕ್ಕಡಿ ಮೇಲೆ ನಿಂತ ಹುಡುಗ ನನ್ನ ಕೈ ಮೇಲೇ ಕುಸಿದ. ಎಳನೀರು ಕುಡಿಸಿ ಮನೆಗೆ ಕರೆದುಕೊಂಡು ಹೋದೆ. ಅವನ ಅಪ್ಪನಿಗೆ ನನ್ನ ಮೇಲೇ ಸಿಟ್ಟು, ಪದಕ ತಪ್ಪಿಸಿದರು ಅಂತ.

ಆನಂದವಾಡಿ (ಬೆಳಗಾವಿ)

ಮೇಷ್ಟ್ರ ಮಾತು ಖರೇ ಐತ್ರಿ. ನಮ್ಮ ತಾಲೀಮಿನ್ಯಾಗ ಹಳೇ ಮಂದಿ ತೂಕ ಇಳಸೂದನ್ನ ಕೇಳಿದ್ದ ಇಲ್ಲ. ಬದಾಮಿ, ತುಪ್ಪ, ಹಾಲು, ಥಂಡಾಯಿ. ಮೈ ಬೆಳಸೂದೊಂದ ಗೊತ್ತಿತ್ತು. ಕಿಲೋ ಲೆಕ್ಕ ಬಂದದ್ದು ಮ್ಯಾಟ್ ಬಂದ ಮ್ಯಾಲ.

ಆದ್ರ ಒಂದು ಹೇಳ್ರಿ, ಗೇಬಲ್ ಏನೂ ಸೀದಾ ವಸ್ತಾದ ಆಗಲಿಲ್ಲಲ್ರಿ? ಅಯೋವಾ ಸ್ಟೇಟಿನ್ಯಾಗ ಕಲತಾಂವ ಎದುರಾಳಿ ಅಯೋವಾ ವಿಶ್ವವಿದ್ಯಾಲಯಕ್ಕ ಹ್ವಾದ ಅಂತ ಕೇಳೇನಿ. ನಮ್ಮಲ್ಲಿ ಬೆಳಗಾವಿ ಪೈಲ್ವಾನ ಕೊಲ್ಹಾಪುರದ ತಾಲೀಮಿಗೆ ಹೋಗಿ ಅಲ್ಲಿಯವರಿಗೇ ಕಲಸಿದ್ಹಂಗ. ಊರ ಮಂದಿ ಸುಮ್ನಿದ್ರೇನು?

ಸೀಡರ್ ದಂಡೆ (ಅಯೋವಾ)

ಒಳ್ಳೆಯ ಹೋಲಿಕೆ. ಏಮ್ಸ್‌ನಲ್ಲಿ ಕೋಚ್ ಹೆರಾಲ್ಡ್ ನಿಕೋಲ್ಸ್ ಕೈಕೆಳಗೆ ಬೆಳೆದವರು 1972ರಲ್ಲಿ ಅಯೋವಾ ವಿಶ್ವವಿದ್ಯಾಲಯ ಇರುವ ಅಯೋವಾ ಸಿಟಿಗೆ ಬಂದರು, ಕರೆದವರು ಅಲ್ಲಿನ ಮುಖ್ಯ ಕೋಚ್ ಗ್ಯಾರಿ ಕರ್ಡಲ್‌ಮಯರ್. ಒಲಿಂಪಿಕ್ಸ್ ಚಿನ್ನ ಗೆದ್ದವರು, ಆದರೂ ನಾಲ್ಕು ವರ್ಷ ಸಹಾಯಕ ಕೋಚ್ ಆಗಿಯೇ ಇದ್ದರು. ಈ ನಾಲ್ಕು ವರ್ಷವನ್ನು ಎಲ್ಲರೂ ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಮುಖ್ಯವಾದದ್ದು ಅದೇ. ಕರ್ಡಲ್‌ಮಯರ್ ತಂಡ ಕಟ್ಟಿದರು, ಹುಡುಗರನ್ನು ಹುಡುಕಿ ತಂದರು, ವ್ಯವಹಾರ ನೋಡಿಕೊಂಡರು. ಗೇಬಲ್ ಮ್ಯಾಟಿನ ಮೇಲೆ ಹುಡುಗರ ಜೊತೆ ಜೋರ್ ಮಾಡಿದರು, ಅಂದರೆ ಅಭ್ಯಾಸದ ಕುಸ್ತಿ ಹಿಡಿದರು. 1975, 1976 ಎರಡೂ ವರ್ಷ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಆಮೇಲೆ ಪೂರ್ತಿ ಜವಾಬ್ದಾರಿ ಗೇಬಲ್ ಕೈಗೆ ಬಂತು. 1978ರಿಂದ 1986ರವರೆಗೆ ಸತತ ಒಂಬತ್ತು ಪ್ರಶಸ್ತಿ. ಹತ್ತನೆಯದನ್ನು 1987ರಲ್ಲಿ ತಪ್ಪಿಸಿದ್ದು ಯಾರು ಗೊತ್ತೇ? ಅವರು ಓದಿದ ಅಯೋವಾ ಸ್ಟೇಟ್.

ಆ ವರ್ಷವೂ ಸೇರಿ ನಾಲ್ಕು ವರ್ಷ ಪ್ರಶಸ್ತಿ ಇಲ್ಲ. 1991ರಿಂದ ಮತ್ತೆ ಶುರು.

ಹಾಸ್ಟೆಲ್ ಹುಡುಗ (ದಾವಣಗೆರೆ)

ಮೊದಲನೇ ಸಲ ಇಲ್ಲಿ ಬರೀತಿದೀನಿ, ತಪ್ಪಿದ್ರೆ ತಿಳಿಸಿ. ನಾನು ಕ್ರೀಡಾ ಹಾಸ್ಟೆಲ್‌ನಲ್ಲಿ ಬೆಳೆದವನು. ಹೈಸ್ಕೂಲ್ ಹೊತ್ತಿಗೆ ರಾಜ್ಯ ಮಟ್ಟದಲ್ಲಿ ಎರಡು ಚಿನ್ನ. ಎಲ್ಲರೂ ಇವನು ಮುಂದೆ ದೇಶಕ್ಕೆ ಆಡ್ತಾನೆ ಅಂದ್ರು. ಹತ್ತೊಂಬತ್ತಕ್ಕೆ ಮಂಡಿ ಹೋಯ್ತು. ಆಪರೇಷನ್ ಸರಿ ಆಗ್ಲಿಲ್ಲ. ಹನ್ನೆರಡು ವರ್ಷ ಕುಸ್ತಿ ಕಡೆ ತಿರುಗಿ ನೋಡ್ಲಿಲ್ಲ, ಟೆಂಪೋ ಓಡಿಸ್ದೆ, ಕಾಳು ಮಂಡಿಯಲ್ಲಿ ಲೆಕ್ಕ ಬರೆದೆ. ಟಿವಿಯಲ್ಲಿ ಕುಸ್ತಿ ಬಂದ್ರೆ ಎದ್ದು ಹೊರಗೆ ಹೋಗ್ತಿದ್ದೆ.

ಮೂರು ವರ್ಷದ ಹಿಂದೆ ನಮ್ಮೂರ ಗರಡಿ ಛಾವಣಿ ಮಳೆಗೆ ಬಿತ್ತು. ಊರವ್ರು ಸೇರಿ ಶೀಟ್ ಹಾಕ್ಸಿದ್ರು, ಹೇಳಿಕೊಡೋಕೆ ಯಾರೂ ಇಲ್ಲ, ನೀನೇ ಬಾ ಅಂದ್ರು. ಹೋದೆ. ಈಗ ಇಪ್ಪತ್ಮೂರು ಹುಡುಗರು ಇದಾರೆ. ಬೆಳಿಗ್ಗೆ ಐದಕ್ಕೆ ಮಟ್ಟಿ ಅಗೆಯೋದ್ರಿಂದ ಶುರು.

ಮೊದಲ ವರ್ಷ ನಾನು ಮಾಡಿದ ತಪ್ಪು ಹೇಳ್ತೀನಿ. ಚೆನ್ನಾಗಿ ಆಡೋ ನಾಲ್ಕು ಹುಡುಗರಿಗೆ ಮಾತ್ರ ಹೇಳಿಕೊಟ್ಟೆ. ಉಳಿದವರು ಅವ್ರಿಗೆ ಜೋರ್ ಕೊಡೋಕೆ ಅಷ್ಟೇ ಅಂದ್ಕೊಂಡಿದ್ದೆ. ವರ್ಷದ ಕೊನೆಗೆ ಉಳಿದವರಲ್ಲಿ ಒಂಬತ್ತು ಜನ ಬಿಟ್ಟು ಹೋದ್ರು. ಜೋರ್ ಕೊಡೋರೇ ಇಲ್ದೆ ಆ ನಾಲ್ವರೂ ಮೆತ್ತಗಾದ್ರು. ಗೇಬಲ್ ಅವ್ರು ಇಂಥ ಹಿಂದಿನ ಸಾಲಿನ ಹುಡುಗರನ್ನ ಏನು ಮಾಡ್ತಿದ್ರು, ಅದು ಗೊತ್ತಿದ್ರೆ ದಯವಿಟ್ಟು ಬರೀರಿ ಸರ್. ನಂಗೆ ಅದು ಬೇಕು.

ಸೀಡರ್ ದಂಡೆ (ಅಯೋವಾ)

ನಿಮ್ಮ ಪ್ರಶ್ನೆಗೆ 1997ರ ಕಥೆ ಹೇಳಬೇಕು. ಅದು ಅವರು ಮುಖ್ಯ ಕೋಚ್ ಆಗಿದ್ದ ಕೊನೆಯ ವರ್ಷ. ವರ್ಷಗಟ್ಟಲೆ ಮ್ಯಾಟಿನ ಮೇಲೆ ಬಿದ್ದು ಎದ್ದು ಸೊಂಟದ ಕೀಲು ಸವೆದು ಹೋಗಿತ್ತು. ಜನವರಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಕೀಲು ಬದಲಿಸಿದರು. ಮಾರ್ಚಿನಲ್ಲಿ ಸೀಡರ್ ಫಾಲ್ಸ್ ಊರಿನ ಯೂನಿ-ಡೋಮ್‌ನಲ್ಲಿ ರಾಷ್ಟ್ರೀಯ ಪಂದ್ಯಾವಳಿ, ಅದು ವಾಟರ್‌ಲೂಗೆ ಅಂಟಿಕೊಂಡ ಊರು. ಹುಟ್ಟಿದ ಊರಿನ ಬಾಗಿಲಲ್ಲಿ ಊರುಗೋಲು ಹಿಡಿದು ನಿಂತು ಕೋಚಿಂಗ್ ಮಾಡಿದರು. ಆ ವರ್ಷ ಯಾರೂ ಅವರ ತಂಡವನ್ನು ಗೆಲ್ಲುವ ಕುದುರೆ ಅಂದುಕೊಂಡಿರಲಿಲ್ಲ. ಐದು ಹುಡುಗರು ಚಾಂಪಿಯನ್ ಆದರು. ತಂಡದ ಒಟ್ಟು ಅಂಕ 170. ಆ ದಾಖಲೆ ಮುರಿಯಲು 2024ರವರೆಗೆ ಕಾಯಬೇಕಾಯಿತು, ಆಗ ಪೆನ್ ಸ್ಟೇಟ್ ತಂಡ ಮುರಿಯಿತು.

ಆ ಐವರಲ್ಲಿ 118 ಪೌಂಡಿನ ಹುಡುಗ ಜೆಸ್ಸಿ ವಿಟ್ಮರ್. ಹಾಸ್ಟೆಲ್ ಹುಡುಗ ಸರ್, ಇವನನ್ನು ಗಮನಿಸಿ. ವರ್ಷಗಟ್ಟಲೆ ಬೇರೆಯವನ ಹಿಂದೆ ಎರಡನೆಯವನಾಗಿ ಕೂತಿದ್ದ. ಮೊದಲ ಸಾಲಿನವರಿಗೆ ಜೋರ್ ಕೊಟ್ಟುಕೊಂಡೇ ಕಾಲೇಜು ಮುಗಿಯುತ್ತಾ ಬಂದಿತ್ತು. ಕೊನೆಯ ವರ್ಷ ಜಾಗ ಸಿಕ್ಕಿತು, ಸಿಕ್ಕ ಒಂದೇ ಅವಕಾಶದಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ. ಎರಡನೆಯವನನ್ನೂ ಮೊದಲನೆಯವನ ಹಾಗೇ ತಿದ್ದಿರದಿದ್ದರೆ ಇದು ಆಗುತ್ತಿರಲಿಲ್ಲ. ಅವರ ಕೈಯಲ್ಲಿ ಒಟ್ಟು 45 ವೈಯಕ್ತಿಕ ರಾಷ್ಟ್ರೀಯ ಪ್ರಶಸ್ತಿ ಬಂದಿವೆ. ಅಷ್ಟರಲ್ಲೂ ನನಗೆ ಇಷ್ಟವಾದದ್ದು ಇದೇ.

ಹಾಸ್ಟೆಲ್ ಹುಡುಗ (ದಾವಣಗೆರೆ)

ಓದ್ದೆ ಸರ್. ಎರಡು ಸಲ ಓದ್ದೆ. ನನ್ನ ಹತ್ರ ಅಂಥವನೊಬ್ಬ ಇದಾನೆ. ಮೂರು ವರ್ಷದಿಂದ ಒಂದು ದಿನ ತಪ್ಪಿಸಿಲ್ಲ, ಮಟ್ಟಿ ಅಗೆಯೋಕೆ ಮೊದಲು ಗುದ್ದಲಿ ಹಿಡಿಯೋನು ಅವನೇ. ಜಾತ್ರೆ ಕುಸ್ತಿಗೆ ಜೋಡಿ ಕಟ್ಟುವಾಗ ಅವನ ಹೆಸರು ನಾನು ಒಂದ್ಸಲಾನೂ ಬರೆಸಿಲ್ಲ.

ಹಳಿಯಾಳದ ಅವ್ವ

ನನ್ನ ಮಗಳು ಒಂಬತ್ತನೇತ್ತಾ ಅದಾಳ್ರಿ, 46 ಕೆಜಿ ಒಳಗ ಆಡ್ತಾಳ. ಕುಸ್ತಿ ಹುಡುಗಿಯರಿಗೆ ಯಾಕ ಅಂತ ಕೇಳಾವ್ರು ಈಗ ಕಮ್ಮಿ ಆಗ್ಯಾರ, ಪೂರಾ ನಿಂತಿಲ್ಲ. ನೀವೆಲ್ಲಾರೂ ಗಂಡಹುಡುಗೂರ ಬಗ್ಗೆನ ಬರ್ದೀರಿ. ಗೇಬಲ್ ಅವ್ರ ಊರಾಗ ಹುಡುಗಿಯರಿಗೆ ಹೈಸ್ಕೂಲ್ ಕುಸ್ತಿ ಐತೇನ್ರಿ?

ಸೀಡರ್ ದಂಡೆ (ಅಯೋವಾ)

ಇದೆ ಅಕ್ಕಾ, ಆದರೆ ತೀರಾ ತಡವಾಗಿ ಬಂತು. ಬಹಳ ಕಾಲ ಹುಡುಗಿಯರು ಹುಡುಗರ ತಂಡದಲ್ಲೇ ಆಡಬೇಕಿತ್ತು. ಹುಡುಗಿಯರ ಹೈಸ್ಕೂಲ್ ಕುಸ್ತಿಗೆ ಅಯೋವಾದಲ್ಲಿ ಅಧಿಕೃತ ಮಾನ್ಯತೆ ಸಿಕ್ಕಿದ್ದು 2022ರಲ್ಲಿ. ಅಯೋವಾ ವಿಶ್ವವಿದ್ಯಾಲಯದ ಮಹಿಳಾ ತಂಡ 2023-24ರಲ್ಲಿ ಮೊದಲ ಸಲ ಕಣಕ್ಕಿಳಿಯಿತು, ಅದೇ ವರ್ಷ ರಾಷ್ಟ್ರೀಯ ಪ್ರಶಸ್ತಿಯನ್ನೂ ತಂದಿತು. ಗೇಬಲ್ ದಂಪತಿಗೆ ನಾಲ್ವರು ಹೆಣ್ಣುಮಕ್ಕಳು. ಕುಸ್ತಿಗೆ ಹೆಸರಾದ ಈ ರಾಜ್ಯಕ್ಕಿಂತ ನಿಮ್ಮ ಹಳಿಯಾಳವೇ ಈ ವಿಷಯದಲ್ಲಿ ಮುಂದಿತ್ತು ಅಂತ ಇಲ್ಲಿನ ಗೆಳೆಯರಿಗೆ ನಾನು ಹೇಳುತ್ತಿರುತ್ತೇನೆ.

ಹಳಿಯಾಳದ ಅವ್ವ

ಮಗಳಿಗೆ ಓದಿ ಹೇಳ್ದೆ. ‘ನಾಲ್ಕು ಹೆಣ್ಣು ಹಡದಾವ್ರು ಮೊದಲ ಯಾಕ ಸುರು ಮಾಡಲಿಲ್ಲ’ ಅಂದ್ಲು. ನನ್ನ ಕಡೆ ಉತ್ತರ ಇರಲಿಲ್ಲ.

ಪಿ.ಟಿ. ಮೇಷ್ಟ್ರು (ಮಂಡ್ಯ)

ಒಳ್ಳೆಯ ಪ್ರಶ್ನೆ ಮಗಳದು.

ಮ್ಯೂನಿಕ್ ವಿಷಯ ಬಂದದ್ದರಿಂದ ಒಂದು ನೆನಪು. ಅದೇ 1972ರ ಒಲಿಂಪಿಕ್ಸ್‌ನಲ್ಲಿ ನಮ್ಮವರು ಇಬ್ಬರು ನಾಲ್ಕನೆಯ ಸ್ಥಾನಕ್ಕೆ ಬಂದಿದ್ದರು. 52 ಕಿಲೋದಲ್ಲಿ ಸುದೇಶ್ ಕುಮಾರ್, 57ರಲ್ಲಿ ಪ್ರೇಮನಾಥ್. ಪದಕ ಕೂದಲೆಳೆಯಲ್ಲಿ ತಪ್ಪಿತು. ಗೇಬಲ್ ಅಲ್ಲಿ ಮೊದಲ ಪಂದ್ಯದಲ್ಲೇ ಎದುರಾಳಿಯ ತಲೆ ತಾಗಿ ಗಾಯಗೊಂಡು ಹೊಲಿಗೆ ಹಾಕಿಸಿಕೊಂಡು ಆಡಿದರು, ಮಂಡಿಯೂ ಸರಿ ಇರಲಿಲ್ಲ. ಹಾಸ್ಟೆಲ್ ಹುಡುಗ, ನಿನ್ನ ಮಂಡಿ ಆಪರೇಷನ್ ಈಗಿನ ಕಾಲದಲ್ಲಿ ಆಗಿದ್ದರೆ ಬೇರೆ ಆಗುತ್ತಿತ್ತೇನೋ ಅಂತ ಓದುವಾಗ ಅನ್ನಿಸಿತು. ಬೇಜಾರಾಗಬೇಡ ಕಣಪ್ಪ. ಇಪ್ಪತ್ಮೂರು ಮಕ್ಕಳನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸುವವನು ನೀನು.

ಆನಂದವಾಡಿ (ಬೆಳಗಾವಿ)

ಗೇಬಲ್ 1997ಕ್ಕ ಬಿಟ್ಟಾರಂದ್ರಿ. ಮತ್ತ ತಿರುಗಿ ಬಂದ್ರು ಅಂತ ಎಲ್ಲೋ ಕೇಳಿದ್ದೆ?

ಸೀಡರ್ ದಂಡೆ (ಅಯೋವಾ)

ಬಂದರು. ಅವರ ಶಿಷ್ಯ ಟಾಮ್ ಬ್ರ್ಯಾಂಡ್ಸ್, 1996ರ ಅಟ್ಲಾಂಟಾ ಒಲಿಂಪಿಕ್ಸ್ ಚಿನ್ನ ಗೆದ್ದವರು, 2006ರಲ್ಲಿ ಅಯೋವಾ ತಂಡದ ಮುಖ್ಯ ಕೋಚ್ ಆದರು. ಆಗ ಗೇಬಲ್ ಸಹಾಯಕರಾಗಿ ಮತ್ತೆ ಬಂದು ಸೇರಿದರು. ಹದಿನೈದು ಪ್ರಶಸ್ತಿ ಗೆದ್ದು, 1984ರಲ್ಲಿ ಒಲಿಂಪಿಕ್ಸ್ ತಂಡಕ್ಕೆ ಏಳು ಚಿನ್ನ ಗೆಲ್ಲಿಸಿಕೊಟ್ಟ ಗುರು, ತನ್ನ ಶಿಷ್ಯನ ಕೈಕೆಳಗೆ. ನಮ್ಮ ಗರಡಿಗಳಲ್ಲಿ ಉಸ್ತಾದರ ಗದ್ದುಗೆಗೆ ಎಂಥೆಂಥ ಜಗಳ ಆಗುತ್ತದೆ ನಿಮಗೇ ಗೊತ್ತು. ತಂಡ 2008, 2009, 2010 ಮೂರೂ ವರ್ಷ ಪ್ರಶಸ್ತಿ ಗೆದ್ದಿತು. ಅದರ ಹೆಸರು ಬ್ರ್ಯಾಂಡ್ಸ್ ಅವರಿಗೇ ಸಲ್ಲುತ್ತದೆ, ಸಲ್ಲಬೇಕಾದದ್ದೂ ಹಾಗೇ.

ಮಟ್ಟಿಮಣ್ಣು (ಮೈಸೂರು)

ಎಲ್ಲರಿಗೂ ಒಂದು ಸುದ್ದಿ. ಇವತ್ತು ಬೆಳಿಗ್ಗೆ ಹುಡುಗ ಗರಡಿಗೆ ಬಂದ. ಉಸ್ತಾದರು ಏನೂ ಕೇಳಲಿಲ್ಲ, ಲಂಗೋಟ ಕಟ್ಟು ಅಂದರು ಅಷ್ಟೇ. ದಂಡ ಬೈಠಕ್ ಮುಗಿದ ಮೇಲೆ ನಾನು ಕೂರಿಸಿಕೊಂಡು ನೀವೆಲ್ಲ ಬರೆದದ್ದನ್ನು ಹೇಳಿದೆ. 181 ಗೆಲುವು, ಓವಿಂಗ್ಸ್, ಮ್ಯೂನಿಕ್, ಊರುಗೋಲು, ವಿಟ್ಮರ್, ಎಲ್ಲ. ಗೇಬಲ್ ಕಥೆಯಿಂದ ಅವನಿಗೆ ಧೈರ್ಯ ಬರುತ್ತದೆ ಅಂದುಕೊಂಡಿದ್ದೆ. ಅವನು ಕೇಳಿದ್ದು ಒಂದೇ ಪ್ರಶ್ನೆ. ‘ಗೆದ್ದ ಓವಿಂಗ್ಸ್ ಮುಂದೆ ಏನಾದ?’

ಸೀಡರ್ ದಂಡೆ (ಅಯೋವಾ)

ಅವನಿಗೆ ಹೀಗೆ ಹೇಳಿ. ಓವಿಂಗ್ಸ್ ಆಮೇಲೆ ಮತ್ತೆ ರಾಷ್ಟ್ರೀಯ ಚಾಂಪಿಯನ್ ಆಗಲಿಲ್ಲ. 1971ರಲ್ಲೂ 1972ರಲ್ಲೂ ಫೈನಲ್‌ವರೆಗೆ ಬಂದು ಎರಡನೆಯ ಸ್ಥಾನ. 1972ರ ಒಲಿಂಪಿಕ್ಸ್ ಆಯ್ಕೆಯಲ್ಲಿ ಗೇಬಲ್ ಮತ್ತೆ ಎದುರಾದರು, 7-1ರಲ್ಲಿ ಸೋತ. ಮುಂದೆ ಆರೆಗಾನ್ ರಾಜ್ಯದಲ್ಲಿ ಮೇಷ್ಟ್ರಾಗಿ ಶಾಲಾ ಮಕ್ಕಳಿಗೆ ಕುಸ್ತಿ ಕಲಿಸಿದರು.

ಇನ್ನೊಂದು ಸಂಗತಿ. 1970ರದ್ದು ಅವರಿಬ್ಬರ ಮೊದಲ ಕುಸ್ತಿಯಲ್ಲ. 1968ರಲ್ಲಿ ಒಲಿಂಪಿಕ್ಸ್ ಆಯ್ಕೆ ಪಂದ್ಯಕ್ಕೆ ಓವಿಂಗ್ಸ್ ಹೋದಾಗ ಇನ್ನೂ ಹೈಸ್ಕೂಲ್ ಹುಡುಗ. ಅಲ್ಲಿ ಗೇಬಲ್ ಕೈಲಿ 13-4ರಲ್ಲಿ ಸೋತಿದ್ದ. ಎರಡು ವರ್ಷ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವನು ಅವನು.

ಮಟ್ಟಿಮಣ್ಣು (ಮೈಸೂರು)

ಸಂಜೆ ಹೇಳಿದೆ ಸರ್. ‘ಹದಿಮೂರು ನಾಲ್ಕು’ ಅಂತ ತನ್ನಷ್ಟಕ್ಕೆ ಎರಡು ಸಲ ಹೇಳಿಕೊಂಡ. 1970ರ ಪಂದ್ಯದ ವಿಡಿಯೊ ನಿಮ್ಮ ಹತ್ತಿರ ಇದ್ದರೆ ಕಳಿಸಿಕೊಡಿ. ಓವಿಂಗ್ಸ್ ಕಾಲು ಎಲ್ಲಿಟ್ಟ ಅಂತ ಅವನಿಗೆ ನೋಡಬೇಕಂತೆ.